ಮಜ್ಜಿಗೆಯಲ್ಲಿ ಸೋತದ್ದು, ನಿಂಬೆಹಣ್ಣಿನಲ್ಲಿ ಗೆದ್ದದ್ದು: ಮದ್ದೂರು ಕಡೆಯ ನನ್ನ ಅನುಭವ

ಮದ್ದೂರು ತಾಲ್ಲೂಕಿನ ಮನೆಯೊಂದರಲ್ಲಿ ರಾಗಿಹಿಟ್ಟಿನ ಡಬ್ಬದ ಹಿಂದೆ ಕಬ್ಬಿಣಾಂಶದ ಕೆಂಪು ಮಾತ್ರೆಗಳ ಒಂಬತ್ತು ಪಟ್ಟಿಗಳು ಒಂದೂ ಒಡೆಯದೆ ಸಿಕ್ಕ ದಿನ, ಬಸುರಿಯರಿಗೆ ಆ ಮಾತ್ರೆ ನುಂಗಿಸಲು ನಾಲ್ಕು ತಿಂಗಳು ನಾನು ಮಾಡಿದ ಪ್ರಚಾರವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತೆಂದು ತಿಳಿಯಿತು. ಆ ಮನೆಯ ಬಸುರಿಯ ಹಿಮೋಗ್ಲೋಬಿನ್ ಎಂಟರ ಆಸುಪಾಸಿಗೆ ಇಳಿದಿತ್ತು. ಬಸುರಿಯ ಆರೈಕೆಯನ್ನು ಬರೆದಿಡುವ ತಾಯಿ ಕಾರ್ಡಿನಲ್ಲಿ ಮಾತ್ರ ಅಷ್ಟೂ ಮಾತ್ರೆ ನುಂಗಿದ್ದಾಳೆಂದು ಗುರುತು ಬಿದ್ದಿತ್ತು.

ಮೊದಲ ವರ್ಷ ಹಣ ಸುರಿದದ್ದು ಮುದ್ರಣಕ್ಕೆ. ಎರಡು ಸಾವಿರ ಕರಪತ್ರಗಳಿಗೆ ಸುಮಾರು ಒಂಬತ್ತು ಸಾವಿರ, ಬಣ್ಣದ ಫ್ಲಿಪ್ ಚಾರ್ಟುಗಳಿಗೆ ಇನ್ನೂ ಹದಿನಾಲ್ಕು ಸಾವಿರ ರೂಪಾಯಿ ಹೋಯಿತು. ಕರಪತ್ರದ ನೆತ್ತಿಯ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ 1948ರ ವ್ಯಾಖ್ಯಾನವನ್ನು, ಅಂದರೆ ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ, ದೈಹಿಕ, ಮಾನಸಿಕ ಮತ್ತು ಸಾಮಾಜಿಕ ಸುಸ್ಥಿತಿ ಎಂಬುದನ್ನು, ದಪ್ಪಕ್ಷರದಲ್ಲಿ ಹಾಕಿಸಿದ್ದೆ. ಓದಿ ಹೇಳಿದಾಗ ಜಗಲಿಯ ಮೇಲಿದ್ದ ಅಜ್ಜಿಯೊಬ್ಬರು, “ಇದ್ಯಾವೂರ ಆರೋಗ್ಯ ಕಣವ್ವ? ಮೈ ಉಸಾರಾಗಿದ್ರೆ ಸಾಲ್ದಾ?” ಎಂದು ಕೇಳಿದರು. ಉಳಿದ ಕರಪತ್ರಗಳು ಕಡಲೆಕಾಯಿ ಪೊಟ್ಟಣಗಳಾದವು. ಆ ಅಜ್ಜಿಯ ಮಾತೊಂದು ನನ್ನ ಬಳಿ ಉಳಿಯಿತು.

ಅಂದಿನಿಂದ ‘ಆರೋಗ್ಯ’ ಎಂಬ ಪದವನ್ನೇ ಬಿಟ್ಟೆ. ಮೈ ಹುಷಾರಾಗಿದೆ ಎಂದು ಯಾವಾಗ ಅನಿಸುತ್ತದೆ, ಹುಷಾರು ತಪ್ಪಿದರೆ ಮನೆಯಲ್ಲಿ ಮೊದಲು ಗುರುತಿಸುವವರು ಯಾರು, ಆಗ ಮೊದಲು ಬಿಡುವ ತಿನಿಸು ಅಥವಾ ಕೆಲಸ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಹಿಡಿದು ಕೇರಿಯಿಂದ ಕೇರಿಗೆ ತಿರುಗಿದೆ. ತಾಲ್ಲೂಕು ಮಟ್ಟದ ಸಭೆಯೊಂದರಲ್ಲಿ ಹಿರಿಯರೊಬ್ಬರು, ಮಾತ್ರೆ ನುಂಗಿಸುವುದಕ್ಕೆ ಇಷ್ಟೊಂದು ಪುರಾಣ ಏಕೆ ಎಂದು ನಕ್ಕಿದ್ದರು. ನಗಲಿ ಎಂದು ಸುಮ್ಮನಾದೆ.

ಬೇಸಾಯದ ಒಕ್ಕಲು ಮನೆಗಳಲ್ಲಿ ಉತ್ತರವೆಲ್ಲ ಉಷ್ಣ ಮತ್ತು ತಂಪಿನ ಸುತ್ತ ಸುತ್ತುತ್ತಿತ್ತು. ಮಲ ಕಪ್ಪಾಗುವುದು, ಎದೆ ಉರಿಯುವುದು, ಮಲಬದ್ಧತೆಯಾಗುವುದು, ಎಲ್ಲವೂ ಮಾತ್ರೆ ಉಷ್ಣವೆಂಬುದಕ್ಕೆ ಸಾಕ್ಷಿ. ಬಸುರಿಗೆ ಉಷ್ಣವಾದರೆ ಮಗು ನಿಲ್ಲುವುದಿಲ್ಲ ಎಂಬುದು ಅತ್ತೆಯ ತೀರ್ಪು. ಉಷ್ಣವಲ್ಲವೆಂದು ಒಂದು ವರ್ಷ ವಾದಿಸಿ ಸೋತವಳು ನಾನು. ಈ ಸಲ, ಹೌದು ಉಷ್ಣವೇ, ಅದಕ್ಕೆ ತಂಪು ಏನು ಕೊಡುತ್ತೀರಿ ಎಂದು ಅತ್ತೆಯರನ್ನೇ ಕೇಳಿದೆ. ಮಜ್ಜಿಗೆ ಎಂದರು. ಸಂತೋಷದಿಂದ ಒಪ್ಪಿಕೊಂಡೆ, ದೊಡ್ಡ ತಪ್ಪಾದದ್ದು ಅಲ್ಲೇ. ಮಾತ್ರೆಗಳು ಖಾಲಿಯಾದವು, ರಕ್ತ ಏರಲಿಲ್ಲ. ಎರಡು ತಿಂಗಳ ಬಳಿಕ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆ ನಾನು ಬಸುರಿಯರ ವಿವರ ಬರೆದಿಡುವ ಪುಸ್ತಕ ನೋಡಿ, ಹಾಲು ಮಜ್ಜಿಗೆಯ ಕ್ಯಾಲ್ಸಿಯಂ ಕಬ್ಬಿಣಾಂಶ ಮೈಗೆ ಹತ್ತುವುದನ್ನು ತಡೆಯುತ್ತದೆ, ಕ್ಯಾಲ್ಸಿಯಂ ಮಾತ್ರೆಯನ್ನೇ ಜೊತೆಗೆ ಕೊಡಬೇಡಿ ಎನ್ನುವವರು ಮಜ್ಜಿಗೆ ಕುಡಿಸುತ್ತಿದ್ದೀರಲ್ಲ ಎಂದು ಗದರಿದರು. ನಾಚಿಕೆಯಾಯಿತು.

ಮತ್ತೆ ಅತ್ತೆಯರ ಬಳಿಗೆ ಹೋಗಿ ಇನ್ನೊಂದು ತಂಪು ಹೇಳಿ ಎಂದಾಗ ಬಂದದ್ದು ನಿಂಬೆಹಣ್ಣಿನ ಪಾನಕ. ಅವರ ಲೆಕ್ಕದಲ್ಲಿ ಅದು ತಂಪು. ನಮ್ಮ ಲೆಕ್ಕದಲ್ಲಿ ಅದರ ಸಿ ಜೀವಸತ್ವ ಕಬ್ಬಿಣಾಂಶ ಹೀರಿಕೊಳ್ಳಲು ನೆರವಾಗುತ್ತದೆ. ರಾತ್ರಿ ಊಟವಾದ ಎರಡು ಗಂಟೆಯ ಮೇಲೆ ಪಾನಕದೊಡನೆ ಮಾತ್ರೆ ಎಂದು ನಿಗದಿಯಾಯಿತು. ರಾಗಿಯಲ್ಲೂ ಕಬ್ಬಿಣಾಂಶಕ್ಕೆ ಅಡ್ಡ ಬರುವ ಅಂಶಗಳಿವೆ, ಆದರೆ ಮಂಡ್ಯದಲ್ಲಿ ಮುದ್ದೆಯ ಮೇಲೆ ದೂರು ಹೇಳಿದವರಿಗೆ ಇನ್ನೊಂದು ಸಲ ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ಎರಡು ಗಂಟೆಯ ಕಾರಣವನ್ನು ನಾನು ಯಾರಿಗೂ ಬಿಡಿಸಿ ಹೇಳಲಿಲ್ಲ. ಯಾವ ಮನೆಯ ಅತ್ತೆಯಿಂದ ಆರಂಭಿಸಿದರೆ ಇಡೀ ಬೀದಿ ಒಪ್ಪುತ್ತದೆ ಎಂಬುದನ್ನು ಗುರುತಿಸುವ ಉಪಾಯವೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಕಬ್ಬು ಕಡಿಯುವ, ಕಳೆ ಕೀಳುವ ಕೂಲಿ ಹೆಂಗಸರ ಕೇರಿಯಲ್ಲಿ ಉಷ್ಣದ ಮಾತು ಅಷ್ಟಾಗಿ ಬರಲಿಲ್ಲ. ಅಲ್ಲಿ ಹುಷಾರೆಂದರೆ ರಟ್ಟೆಯಲ್ಲಿ ಶಕ್ತಿ, ಅಂದರೆ ನಾಳೆಯ ಕೂಲಿ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿ ಗದ್ದೆಯಲ್ಲಿ ವಾಂತಿಯಾದರೆ ಅರ್ಧ ಕೂಲಿ ಹೋಯಿತು. ಸುಸ್ತಾದರೆ ಮಾತ್ರ ಮುನ್ನೂರು ನಾನೂರು ಕೊಟ್ಟು ಗ್ಲೂಕೋಸ್ ಬಾಟಲಿ ಹಾಕಿಸಿಕೊಳ್ಳುತ್ತಿದ್ದರು. ಒಂದು ಸಂಜೆ ಖಾಲಿ ಬಾಟಲಿಯೊಂದನ್ನು ಒಯ್ದು, ಅದರ ಪಕ್ಕದಲ್ಲಿ ಮುತ್ತುಗದೆಲೆ ಹಾಸಿ, ಐದು ಚಮಚ ಸಕ್ಕರೆಯನ್ನು ಒಂದೊಂದಾಗಿ ಸುರಿದೆ. ಶೇಕಡಾ ಐದರ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ ಅಂಶ, ಉಳಿದದ್ದೆಲ್ಲ ನೀರು. ಎಲೆಯನ್ನೇ ದಿಟ್ಟಿಸುತ್ತಿದ್ದ ಹೆಂಗಸೊಬ್ಬಳು, “ಅಯ್ಯೋ, ಸಕ್ಕರೆ ನಾಡಲ್ಲಿ ಸಕ್ಕರೆಗೆ ನಾನೂರು ಕೊಟ್ವಾ?” ಎಂದಳು. ಅದಾದ ಮೇಲೆ ಮಾತ್ರೆಯನ್ನು ರಾತ್ರಿಗೆ ಬದಲಾಯಿಸಲು ನಾನು ಹೆಚ್ಚು ಮಾತಾಡಬೇಕಾಗಲಿಲ್ಲ. ಆ ದಿನದ ಖರ್ಚು ಕಾಲು ಕೆಜಿಗೂ ಕಡಿಮೆ ಸಕ್ಕರೆ.

ಮಂಡ್ಯ ನಗರದ ಮುಸ್ಲಿಂ ಮೊಹಲ್ಲಾದಲ್ಲಿ ಕೆಲಸ ಬೇಗ ಆಯಿತು. ‘ಕಮ್ಜೋರಿ’ (ನಿಶ್ಶಕ್ತಿ) ಎಂದರೆ ರಕ್ತ ಕಡಿಮೆ ಎಂದೇ ಅವರು ತಿಳಿದಿದ್ದರು. ಊಟದ ಬೆನ್ನಿಗೇ ಕುಡಿಯುವ ಹಾಲಿನ ಚಹಾವನ್ನು ದೂರ ಸರಿಸುವುದು ಮಾತ್ರ ಕಷ್ಟವಾಯಿತು. ರಂಜಾನಿನಲ್ಲಿ ಉಪವಾಸ ಹಿಡಿದವರಿಗೆ ಇಫ್ತಾರ್ ಮುಗಿದ ಮೇಲೆ ಎಂದು ಸಮಯ ಬದಲಿಸಿದೆವು.

ಗೆದ್ದ ಹುರುಪಿನಲ್ಲಿ ಇದೇ ವಿಧಾನವನ್ನು ಎಚ್.ಡಿ. ಕೋಟೆಯ ಜೇನುಕುರುಬರ ಹಾಡಿಯೊಂದಕ್ಕೆ ಒಯ್ದು ಮುಗ್ಗರಿಸಿದೆ. ನನ್ನ ಮೂರು ಪ್ರಶ್ನೆಗಳಿಗೆ ಅಲ್ಲಿನ ಹಿರಿಯರು ಒಬ್ಬೊಬ್ಬರ ಮೈಯ ಲೆಕ್ಕ ಕೊಡಲೇ ಇಲ್ಲ. ಕಾಡಿಗೆ ಹೋಗುವ ದಾರಿ, ಗೆಣಸು ಸಿಗುವುದು, ದೇವರ ಪೂಜೆ ತಪ್ಪದಿರುವುದು, ಇವು ಸರಿಯಿದ್ದರೆ ಹಾಡಿ ಹುಷಾರು ಎಂದರು. ಮೇಲಾಗಿ ಆ ಸಮುದಾಯಗಳಲ್ಲಿ ವಂಶಪಾರಂಪರ್ಯವಾಗಿ ಬರುವ ಕುಡಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್) ಇರುವುದರಿಂದ, ಪರೀಕ್ಷೆಯಿಲ್ಲದೆ ರಕ್ತ ಕಡಿಮೆಯೆಂದರೆ ಕಬ್ಬಿಣಾಂಶದ ಕೊರತೆಯೇ ಎಂದು ಹೇಳುವಂತಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಇದರ ನಿರ್ಮೂಲನೆಗೆಂದೇ ಆರಂಭಿಸಿದ ಅಭಿಯಾನದಲ್ಲಿ ನಲವತ್ತರವರೆಗಿನ ವಯಸ್ಸಿನವರ ತಪಾಸಣೆ ಸೇರಿದೆ. ನಾನು ಅದನ್ನು ವಿಚಾರಿಸಿಕೊಂಡು ಹೋಗಬೇಕಿತ್ತು. ಹೋಗಿ ಬರಲು ಜೀಪಿಗೆ ಕೊಟ್ಟ ನಾಲ್ಕು ಸಾವಿರ ದಂಡವಾಯಿತು.

ನೆನಪಿನಿಂದ ಹೇಳುವುದಾದರೆ, ಎರಡನೆಯ ವರ್ಷ ನನ್ನ ಪುಸ್ತಕದಲ್ಲಿದ್ದ ನೂರನಲವತ್ತರಷ್ಟು ಬಸುರಿಯರಲ್ಲಿ ನೂರಕ್ಕೂ ಹೆಚ್ಚು ಮಂದಿ ಮಾತ್ರೆ ಬಿಡದೆ ನುಂಗಿದರು. ಮೊದಲ ವರ್ಷ ಮೂರರಲ್ಲಿ ಒಬ್ಬರು ನುಂಗಿದ್ದರೆ ಹೆಚ್ಚು. ಒಂಬತ್ತರಲ್ಲಿದ್ದ ಹಿಮೋಗ್ಲೋಬಿನ್ ಹಲವರಲ್ಲಿ ಹೆರಿಗೆಯ ಹೊತ್ತಿಗೆ ಹತ್ತೂವರೆ ದಾಟಿತ್ತು. ಹನ್ನೊಂದು ಮುಟ್ಟಿದವರೂ ಇದ್ದರು. ಒಟ್ಟು ಖರ್ಚು ಮೊದಲ ವರ್ಷದ ಕಾಲುಭಾಗವೂ ಆಗಲಿಲ್ಲ, ಅದರಲ್ಲೂ ಹೆಚ್ಚಿನದು ಬಸ್ಸು ಆಟೋಗೆ.

ಸಭೆಯಲ್ಲಿ ನಕ್ಕಿದ್ದ ಹಿರಿಯರು ಕಳೆದ ತಿಂಗಳು ಪ್ರಶ್ನೆಗಳ ಪುಸ್ತಕವನ್ನು ಕೇಳಿ ಕಳುಹಿಸಿದ್ದರು. ಮೊದಲ ಎರಡು ಪುಟಗಳ ಜೆರಾಕ್ಸ್ ಕೊಟ್ಟಿದ್ದೇನೆ.