ಪೆಟ್ರೋಲ್ ಕಾರಿನ ಎಂಜಿನ್ನಿನಲ್ಲಿ ಮಸಿ ಕಟ್ಟದಿರಲು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಲಿನ ನಮ್ಮ ತೋಟದ ಮನೆಗಳಲ್ಲಿ ಕಾರಿನ ಓಡಾಟ ಹೆಚ್ಚಾಗಿ ಮಕ್ಕಳನ್ನು ಶಾಲೆಗೆ ಬಿಡುವುದಕ್ಕೆ, ಸಂಜೆ ಪೇಟೆಗೆ ಹೋಗಿ ಬರುವುದಕ್ಕೆ ಸೀಮಿತವಾಗಿರುತ್ತದೆ. ಎರಡು ಮೂರು ಕಿಲೋಮೀಟರ್ ಓಡಿಸಿ, ಎಂಜಿನ್ ಚೆನ್ನಾಗಿ ಬಿಸಿಯೇರುವ ಮೊದಲೇ ನಿಲ್ಲಿಸಿಬಿಡುತ್ತೇವೆ. ಒಳಗೆ ಮಸಿ ಕಟ್ಟಲು ಇದೊಂದು ಮುಖ್ಯ ಕಾರಣ. ಎಂಜಿನ್ ತಣ್ಣಗಿರುವಾಗ ಅದಕ್ಕೆ ಹೆಚ್ಚು ಪೆಟ್ರೋಲ್ ಬೇಕಾಗುತ್ತದೆ, ಅದು ಪೂರ್ತಿ ಉರಿಯುವುದೂ ಇಲ್ಲ. ಸ್ಪಾರ್ಕ್ ಪ್ಲಗ್ಗಿನ ತುದಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲಷ್ಟೇ ತನ್ನ ಮೇಲೆ ಕುಳಿತ ಕರಿಯನ್ನು ತಾನೇ ಸುಟ್ಟುಕೊಳ್ಳಬಲ್ಲದು.

ಆದ್ದರಿಂದ ವಾರಕ್ಕೊಮ್ಮೆಯಾದರೂ ಕುಂಬಳೆಗೆ ಇಳಿದು, 66ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ತಲಪಾಡಿಯ ಕಡೆಗೆ ಅರ್ಧ ಗಂಟೆ ಒಂದೇ ಹದದಲ್ಲಿ ಓಡಿಸಿ ಬನ್ನಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ವೇಗದ ಮಿತಿಯನ್ನು ಮೀರದೆ, ಒಂದು ಗೇರು ಕೆಳಗಿಟ್ಟು 3,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಆಸುಪಾಸಿನಲ್ಲಿ ಸ್ವಲ್ಪ ದೂರ ನಡೆಸಿದರೆ ಪ್ಲಗ್ಗಿನ ಮತ್ತು ಸಿಲಿಂಡರಿನೊಳಗಿನ ಮೆತ್ತನೆಯ ಮಸಿ ಬಹಳಷ್ಟು ಸುಟ್ಟುಹೋಗುತ್ತದೆ. ಮನೆಯಂಗಳದಲ್ಲಿ ಹತ್ತು ನಿಮಿಷ ಸುಮ್ಮನೆ ಚಾಲೂ ಇಡುವುದರಿಂದ ಈ ಪ್ರಯೋಜನ ಸಿಗದು. ಅದು ಮಸಿಯನ್ನು ಹೆಚ್ಚಿಸೀತು.

ಮಳೆಗಾಲದಲ್ಲಿ ಆಯಿಲ್ ತುಂಬುವ ಮುಚ್ಚಳವನ್ನು ತಿರುಗಿಸಿ ತೆಗೆದು ಒಳಬದಿಯನ್ನು ನೋಡಿ. ಅಲ್ಲಿ ಬೆಣ್ಣೆಯಂತಹ ಬಿಳಿ ಜಿಡ್ಡು ಅಂಟಿಕೊಂಡಿದ್ದರೆ, ಸಣ್ಣ ಓಡಾಟದಿಂದ ಆಯಿಲಿಗೆ ನೀರಿನ ಪಸೆ ಸೇರಿದೆ ಎಂದು ತಿಳಿಯಬಹುದು. ಜೊತೆಗೆ ಎಂಜಿನ್ನನ್ನು ತಣಿಸುವ ದ್ರವವಾದ ಕೂಲಂಟ್ ಕೂಡ ಇಳಿಯುತ್ತಿದ್ದರೆ ಅದು ಬೇರೆ ದೊಡ್ಡ ದೋಷವಿರಬಹುದು, ಓಡಿಸದೆ ಗ್ಯಾರೇಜಿಗೆ ತಿಳಿಸಿ. ಆಯಿಲ್ ಬದಲಿಸಲು ಹಲವು ಕಾರುಗಳ ಕೈಪಿಡಿಯಲ್ಲಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ ಎಂದಿರುತ್ತದೆ. ಕಿಲೋಮೀಟರ್ ಆಗಿಲ್ಲವೆಂದು ವರ್ಷವನ್ನು ದಾಟಿಸಬಾರದು. ಸಣ್ಣ ಓಡಾಟದ ಕಾರಿಗೆ ಇನ್ನೂ ಬೇಗ ಬದಲಿಸುವುದೇ ಲೇಸು. ಏರ್ ಫಿಲ್ಟರನ್ನು ಬೇಸಗೆಯ ಧೂಳು ಮುಗಿದ ಕೂಡಲೇ ನೋಡಬೇಕು.

ಮಸಿ ಎಷ್ಟಿದೆ ಎಂಬುದಕ್ಕೆ ಪ್ಲಗ್ಗೇ ಸಾಕ್ಷಿ. ತುದಿ ತಿಳಿ ಕಂದಾಗಿದ್ದರೆ ಎಲ್ಲವೂ ಸರಿಯಿದೆ. ಬೆರಳಿಗೆ ಹತ್ತುವ ಒಣ ಕರಿಯಿದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ, ಎಂಜಿನ್ನಿನ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟನ್ನೂ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರನ್ನೂ ಪರೀಕ್ಷಿಸಿ. ಎಣ್ಣೆಪಸೆಯ ಕರಿಯಾದರೆ ಆಯಿಲ್ ಒಳಗೆ ಸೋರಿ ಉರಿಯುತ್ತಿದೆ. ಅದಕ್ಕೆ ಯಾವ ಕ್ಲೀನರೂ ಮದ್ದಲ್ಲ.

ಐಡ್ಲಿಂಗಿನಲ್ಲಿ ಎಂಜಿನ್ ನಡುಗುತ್ತಿದ್ದರೆ ಮೊದಲು ಥ್ರಾಟಲ್ ಬಾಡಿಯನ್ನು (ತಿರುಗುವ ತಟ್ಟೆಯಿಂದ ಎಂಜಿನ್ನಿಗೆ ಹೋಗುವ ಗಾಳಿಯನ್ನು ಹದಗೊಳಿಸುವ ಭಾಗ) ಶುಚಿಮಾಡಿಸಿ. ಕೀಲಿ ತೆಗೆದು, ತಣ್ಣಗಾದ ಮೇಲೆ, ಅದಕ್ಕೆಂದೇ ಇರುವ ಕ್ಲೀನರನ್ನು ಬಟ್ಟೆಗೆ ಸಿಂಪಡಿಸಿಕೊಂಡು ತಟ್ಟೆಯ ಅಂಚಿನ ಕಪ್ಪು ಜಿಡ್ಡನ್ನು ಒರೆಸಬೇಕು. ತಟ್ಟೆಯನ್ನು ಬೆರಳಿನಿಂದ ಬಲವಂತವಾಗಿ ತಳ್ಳಿದರೆ ಒಳಗಿನ ಮೋಟಾರು ಹಾಳಾಗಬಹುದು. ಆ ದ್ರವ ಗಾಳಿ ಅಳೆಯುವ ಸೆನ್ಸರಿಗೆ ತಾಗಕೂಡದು. ಸೀಮೆಎಣ್ಣೆ, ಡೀಸೆಲ್ ಸುರಿಯುವ ಹಳೆಯ ಉಪಾಯವನ್ನು ಇಂದಿನ ಎಂಜಿನ್ನಿನಲ್ಲಿ ದಯವಿಟ್ಟು ಪ್ರಯೋಗಿಸಬೇಡಿ.

ದೊಡ್ಡ ಖರ್ಚಿಗೆ ಇಳಿಯುವ ಮೊದಲು ನಿಮ್ಮ ಕಾರಿನಲ್ಲಿ ಪೆಟ್ರೋಲ್ ಎಲ್ಲಿ ಸಿಂಪಡಣೆಯಾಗುತ್ತದೆ ಎಂದು ಮೆಕ್ಯಾನಿಕ್ಕಿನಲ್ಲಿ ಕೇಳಿಕೊಳ್ಳಿ. ಸಾಮಾನ್ಯ ಎಂಜಿನ್ನಿನಲ್ಲಿ ಅದು, ಸಿಲಿಂಡರಿಗೆ ಗಾಳಿ ಬಿಡುವ ಇನ್‌ಟೇಕ್ ವಾಲ್ವಿನ ಬೆನ್ನ ಮೇಲೆ ಬಿದ್ದು ಅದನ್ನು ತೊಳೆಯುತ್ತಿರುತ್ತದೆ. ಇಲ್ಲಿ ಪಾಲಿಈಥರ್ ಅಮೈನ್ ಇರುವ ಇಂಧನ ಕ್ಲೀನರನ್ನು, ಡಬ್ಬಿಯಲ್ಲಿ ಹೇಳಿದಷ್ಟೇ ಅಳತೆಯಲ್ಲಿ, ಟ್ಯಾಂಕಿಗೆ ಹಾಕಿದರೆ ಫಲ ಕಾಣಬಹುದು. ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಹಲವು ನೇರ ಸಿಂಪಡಣೆಯವು. ಪೆಟ್ರೋಲ್ ಸಿಲಿಂಡರಿಗೇ ಬೀಳುವುದರಿಂದ ವಾಲ್ವಿನ ಬೆನ್ನಿಗೆ ಅದು ಸೋಕುವುದೇ ಇಲ್ಲ, ಆಯಿಲಿನ ಆವಿ ಅಲ್ಲಿ ಕುಳಿತು ಗಟ್ಟಿಯಾಗುತ್ತದೆ. ಇಂತಹ ಕಾರಿನ ಟ್ಯಾಂಕಿಗೆ ಹಾಕಿದ ಕ್ಲೀನರು ಇಂಜೆಕ್ಟರನ್ನು ಶುಚಿಮಾಡೀತು, ವಾಲ್ವನ್ನಲ್ಲ. ಹೆದ್ದಾರಿಯ ಓಟಕ್ಕೂ ವಾಲ್ವಿನ ಆ ಮಸಿ ಬಗ್ಗದು.

ಪ್ರತಿ ಸರ್ವೀಸಿನಲ್ಲೂ ಡಿಕಾರ್ಬನೈಸಿಂಗ್ (ಎಂಜಿನ್ನಿನೊಳಗಿನ ಮಸಿ ತೆಗೆಯುವ ಕೆಲಸ) ಮಾಡಿಸಿ ಎಂದರೆ ಒಪ್ಪಬೇಕಾಗಿಲ್ಲ. ತಣ್ಣಗಿರುವಾಗ ಮಿಸ್‌ಫೈರ್ ಆಗುವುದು (ಪೆಟ್ರೋಲ್ ಸರಿಯಾಗಿ ಹೊತ್ತದೆ ಎಂಜಿನ್ ಮುಗ್ಗರಿಸುವುದು), ಪಿಕಪ್ ಕುಸಿಯುವುದು ಮುಂತಾದ ಲಕ್ಷಣಗಳಿದ್ದರೆ, ಸಣ್ಣ ಕ್ಯಾಮರಾ ಇಳಿಸಿ ವಾಲ್ವನ್ನು ಕಣ್ಣಾರೆ ತೋರಿಸಲು ಹೇಳಿ. ಮಸಿ ದಪ್ಪವಾಗಿದ್ದರೆ ಇನ್‌ಟೇಕ್ ಬಿಚ್ಚಿ, ಅಕ್ರೋಟು ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಿಂದ ಹೊಡೆದು ತೆಗೆಯುವ ವಿಧಾನವೇ ಭರವಸೆಯದು. ಆಗಲೇ, ಎಂಜಿನ್ನಿನ ಆಯಿಲಿನ ಆವಿಯನ್ನು ಇನ್‌ಟೇಕಿಗೆ ಬಿಡುವ ಪಿಸಿವಿ ವಾಲ್ವನ್ನೂ ಪರೀಕ್ಷಿಸಿ, ಕೆಟ್ಟಿದ್ದರೆ ಬದಲಿಸಿಕೊಳ್ಳಿ. ಆಯಿಲಿನ ಆವಿ ಹೆಚ್ಚು ಬರುತ್ತಿದ್ದರೆ ಶುಚಿಮಾಡಿದ ವಾಲ್ವಿನ ಮೇಲೆ ಮಸಿ ಬೇಗನೆ ಮರಳಿ ಕಟ್ಟುತ್ತದೆ.