ನಾಲ್ಕು ವರ್ಷದ ಕೂಸಿಗೆ 14 ಡ್ರಿಪ್

ಕಾಂಗೋದ ಈಕ್ವೆಟರ್ ಪ್ರಾಂತ್ಯದಲ್ಲಿ ನಾನು ನರ್ಸ್ ಆಗಿದ್ದಾಗ ಒಬ್ಬ ತಾಯಿ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ನಡೆದೇ ಬಂದಳು. "ಮಲಾದಿ ಯಾ ಪೊಂಗಿ" ಎಂದಳು. ಅಲ್ಲಿನ ಲಿಂಗಾಲ ಭಾಷೆಯಲ್ಲಿ ಹಾಗೆಂದರೆ ನಿದ್ದೆಯ ಕಾಯಿಲೆ. ಸೆಟ್ಸಿ ನೊಣ ಕಚ್ಚಿ ಬರುವಂಥದ್ದು. ಹುಡುಗಿಗೆ ನಾಲ್ಕು ವರ್ಷ, ತೂಕ 13 ಕಿಲೋ. ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ. ಬೆನ್ನುಹುರಿಯ ನೀರು ತೆಗೆಯಲು ಸೂಜಿ ಚುಚ್ಚಿದಾಗಲೂ ಅವಳು ಅಳಲಿಲ್ಲ. ನನ್ನ ಎದೆ ಧಸಕ್ಕೆಂದದ್ದು ಆಗ. ಆ ನೀರಿನಲ್ಲಿ ಬಿಳಿ ರಕ್ತಕಣಗಳು ಮೈಕ್ರೋಲೀಟರಿಗೆ ಐದನ್ನು ದಾಟಿದರೆ ರೋಗ ಎರಡನೆಯ ಹಂತಕ್ಕೆ, ಅಂದರೆ ಮಿದುಳಿಗೆ, ಹೋಗಿದೆ ಎಂದು ಲೆಕ್ಕ. ಇವಳ ನೀರಿನಲ್ಲಿ ಈ ಕಾಯಿಲೆ ತರುವ ಪರಜೀವಿಗಳಾದ ಟ್ರಿಪನೊಸೋಮಗಳೇ ಹೊರಳಾಡುತ್ತಿದ್ದವು.

ಆರು ವರ್ಷ ತುಂಬಿ 20 ಕಿಲೋ ತೂಗುವ ಮಕ್ಕಳಿಗಾದರೆ ಫೆಕ್ಸಿನಿಡಜೋಲ್ ಮಾತ್ರೆ ಇದೆ. ಇವಳಿಗೆ ಉಳಿದದ್ದು ನೆಕ್ಟ್ ಚಿಕಿತ್ಸೆ: ಹತ್ತು ದಿನ ನಿಫರ್ಟಿಮಾಕ್ಸ್ ಮಾತ್ರೆ, ಏಳು ದಿನ ಎಫ್ಲಾರ್ನಿಥಿನ್ ಡ್ರಿಪ್. ಹಿಂದೆ ಕೊಡುತ್ತಿದ್ದ ಮೆಲಾರ್ಸೊಪ್ರೋಲ್‌ನಲ್ಲಿ ಆರ್ಸೆನಿಕ್ ಇತ್ತು, ನೂರಕ್ಕೆ ಸುಮಾರು ಐವರನ್ನು ಆ ಮದ್ದೇ ಕೊಲ್ಲುತ್ತಿತ್ತು. ಅದನ್ನು ಕೈಯಾರೆ ಚುಚ್ಚಿದ್ದ ಹಿರಿಯ ನರ್ಸ್ ಒಬ್ಬರು ಆ ದಿನಗಳ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು.

ಡ್ರಿಪ್‌ನ ಡೋಸಿನ ಲೆಕ್ಕ ಸುಲಭ. ಕಿಲೋಗೆ 200 ಮಿಲಿಗ್ರಾಮಿನಂತೆ 2,600. ಅಂದರೆ ಸೀಸೆಯಿಂದ 13 ಮಿಲಿಲೀಟರ್. ಈ ತೂಕದ ಮಗುವಿಗೆ ಅದನ್ನು 100 ಮಿಲಿಲೀಟರಿನಲ್ಲಿ ಬೆರೆಸಿ, 12 ಗಂಟೆಗೊಮ್ಮೆ, ಎರಡು ಗಂಟೆ ಹರಿಸಬೇಕು. ಕಷ್ಟವೆಲ್ಲ ರಕ್ತನಾಳದ್ದು. ಸೊರಗಿದ ಮಗುವಿನ ಕೈಯಲ್ಲಿ ದಾರದಷ್ಟು ಸಣ್ಣ ನಾಳ. ಔಷಧದ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ, ಬಟ್ಟೆ ಸುತ್ತಿ, ಮಣಿಕಟ್ಟು ಅಲುಗದಂತೆ ಅದಕ್ಕೆ ಕಟ್ಟಿದೆ. ಕೀವಾಗದಿರಲು ಎರಡು ದಿನಕ್ಕೊಮ್ಮೆ ಸೂಜಿಯ ಜಾಗ ಬದಲಿಸಿದೆ. ರಾತ್ರಿಯ ಡ್ರಿಪ್‌ಗೆ ಟಾರ್ಚ್ ಹಿಡಿದು ಹನಿ ಎಣಿಸುತ್ತಿದ್ದವಳು ಅವಳ ತಾಯಿ. ಆಕೆ ಒಮ್ಮೆಯೂ ತಪ್ಪಲಿಲ್ಲ.

ಮಾತ್ರೆಯದು ಬೇರೆಯೇ ಪಾಡು. ದಿನಕ್ಕೆ ಮೂರು ಸಲ ಅರ್ಧರ್ಧ ಮಾತ್ರೆ, ಪುಡಿ ಮಾಡಿ ಸಕ್ಕರೆ ನೀರಿನಲ್ಲಿ. ಎರಡನೆಯ ದಿನ ಕುಡಿದ ಹತ್ತು ನಿಮಿಷಕ್ಕೆ ವಾಂತಿಯಾಯಿತು. ಅರ್ಧ ಗಂಟೆಯೊಳಗೆ ವಾಂತಿಯಾದರೆ ಪೂರ್ತಿ ಡೋಸ್ ಮತ್ತೆ ಕೊಡಬೇಕು, ಕೊಟ್ಟೆ. ಆಮೇಲೆ ಮೊದಲು ನಾಲ್ಕು ತುತ್ತು ಗಂಜಿ, ನಂತರವೇ ಮಾತ್ರೆ ಎಂದು ತಾಯಿಯೇ ಕ್ರಮ ಹಾಕಿಕೊಂಡಳು. ಫಿಟ್ಸ್ ಬರಬಹುದೆಂದು ಡಯಾಜೆಪಾಮ್ ಕೈಗೆಟುಕುವಲ್ಲೇ ಇಟ್ಟಿದ್ದೆ. ಬೇಕಾಗಲಿಲ್ಲ.

ಏಳನೆಯ ದಿನ ಸೂಜಿಯ ಜಾಗ ಬದಲಿಸಲು ಹೋದಾಗ ಅವಳು ಕಿರುಚಿ, ಒದ್ದು, ನನ್ನ ಕೈ ಕಚ್ಚಿದಳು. ಹಿಡಿದುಕೊಳ್ಳಲು ಇಬ್ಬರು ಬೇಕಾದರು. ತಾಯಿ ಅಳುತ್ತಲೇ ನಗುತ್ತಿದ್ದಳು, ನಾನೂ.