ಮೂಲೆಯನ್ನು ಮೆಟ್ಟಿಲಿಗೆ ಬಿಟ್ಟುಕೊಟ್ಟದ್ದು: ನನ್ನ ಅನುಭವ

ಕಾಸರಗೋಡು ಪೇಟೆಯಲ್ಲಿ, ಪಡುವಣಕ್ಕೊಂದು ತೆಂಕಣಕ್ಕೊಂದು ರಸ್ತೆಯಿರುವ 28 ಸೆಂಟ್ಸ್ ಮೂಲೆಯ ಜಾಗದಲ್ಲಿ 20 ಫ್ಲ್ಯಾಟುಗಳ ನಕ್ಷೆ ಮಾಡುವ ಕೆಲಸ ಬಂದಾಗ, ನೈಋತ್ಯ ಮೂಲೆಯಲ್ಲಿ ಮೆಟ್ಟಿಲು ಮತ್ತು ಲಿಫ್ಟನ್ನು ಇಟ್ಟು ಮನೆಗಳನ್ನೆಲ್ಲ ಹಿಂದಕ್ಕೆ ಸರಿಸಿದೆ. ಜಾಗದ ಯಜಮಾನರಾದ ನಿವೃತ್ತ ಮಾಷ್ಟ್ರು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಆದರೆ ಬ್ರೋಕರು, "ಇಂಜಿನಿಯರ್ರೇ, ಗಲ್ಫಿನವರು ದುಡ್ಡು ಕೊಡುವುದೇ ಮೂಲೆಯ ಮನೆಗೆ, ನೀವು ಅದನ್ನು ಮೆಟ್ಟಿಲಿಗೆ ಕೊಟ್ಟಿರಲ್ಲ!" ಎಂದು ಎಲ್ಲರೆದುರು ನಕ್ಕರು.

ಅವರು ನಕ್ಕದ್ದರಲ್ಲಿ ತಪ್ಪಿಲ್ಲ. ಹತ್ತು ವರ್ಷಗಳ ಹಿಂದೆ ಇಂಥದೇ ಮೂಲೆಯಲ್ಲಿ ನಾನೇ ಗಾಜಿನ ಗೋಡೆಯ ಹಾಲುಗಳನ್ನು ಮಾಡಿಕೊಟ್ಟಿದ್ದೆ. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಸುರಿಯುವ, ಅದೂ ಗಾಳಿಯೊಂದಿಗೆ ನೈಋತ್ಯದಿಂದಲೇ ಬಂದು ಬಡಿಯುವ ಈ ಊರಿನಲ್ಲಿ, ಮೊದಲ ಜೂನಿನಲ್ಲೇ ಗಾಜಿನ ಸಂದುಗಳಿಂದ ನೀರು ನುಗ್ಗಿತು. ಆಟಿ (ಜುಲೈ-ಆಗಸ್ಟಿನ ತುಳು ತಿಂಗಳು) ಮುಗಿಯುವ ತನಕ ಮನೆಯವರು ನೀಲಿ ಟಾರ್ಪಾಲು ಇಳಿಬಿಟ್ಟುಕೊಂಡೇ ಕುಳಿತಿದ್ದರು. ಮಳೆ ನಿಂತ ಮೇಲೆ ಸಂಜೆಯ ಬಿಸಿಲು. ಸಂದುಗಳಿಗೆ ಸಿಲಿಕೋನ್ ಅಂಟು ತುಂಬಿಸಿ ತುಂಬಿಸಿಯೇ ಎರಡು ಲಕ್ಷದಷ್ಟು ಹೋಯಿತು, ಹೆಚ್ಚಿನ ಪಾಲು ನನ್ನ ಕಿಸೆಯಿಂದ.

ಈ ಸಲ ಎರಡೂ ರಸ್ತೆಗಳ ಕಡೆ ನಿಯಮದಂತೆ ಜಾಗ ಬಿಟ್ಟು, ಮೂಲೆಯ ಗೋಡೆಯನ್ನು ತುಸು ಓರೆಯಾಗಿ ಕತ್ತರಿಸಿ, ಐದು ಮಹಡಿಗೂ ಜಾಲಿಯ, ಅಂದರೆ ತೂತುತೂತಾದ ಗೋಡೆಯ, ಮುಖ ಕೊಟ್ಟೆ. ಮಳೆ ಮತ್ತು ಬಿಸಿಲಿನ ಹೊಡೆತವನ್ನು ಮೊದಲು ತಿನ್ನುವುದು ಮೆಟ್ಟಿಲು, ಆಮೇಲೆ ಮನೆ. ವಾಸ್ತು ನೋಡುವವರು ನೈಋತ್ಯ ಭಾರವಾಗಿರಲಿ ಎಂದದ್ದು ನನ್ನ ಪುಣ್ಯ. ನಾನು ಲೆಕ್ಕ ಹಾಕಿದ್ದು ಮಳೆಯನ್ನು ಮಾತ್ರ.

ಜಾಲಿಯನ್ನು ಮುರಕಲ್ಲಿನಲ್ಲೇ (ಲ್ಯಾಟರೈಟ್ ಕೆಂಪುಕಲ್ಲು) ಕೊರೆಸುವ ಹುಚ್ಚು ನನಗಿತ್ತು. ಪಣೆಯಿಂದ (ಕಲ್ಲು ಕಡಿಯುವ ಗಣಿಯಿಂದ) ಆಗಷ್ಟೇ ತೆಗೆದ ಕಲ್ಲು ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವುದರಿಂದ, ಮೊದಲೇ ಕೊರೆದಿಟ್ಟರಾಯಿತೆಂದು ಎಣಿಸಿ ಅರವತ್ತರಷ್ಟು ಕಲ್ಲು ಕೊರೆಸಿದೆ. ತೆಳ್ಳಗಿನ ಅಂಚುಗಳು ಸಾಗಿಸುವಾಗಲೇ ಉದುರಿ ಅರ್ಧಕ್ಕರ್ಧ ಹಾಳಾದವು. ಕೊನೆಗೆ ಸಿಮೆಂಟಿನ ಜಾಲಿಗೆ ಅಚ್ಚು ಮಾಡಿಸಿ, ತೂತುಗಳನ್ನು ಹೊರಕ್ಕೆ ಇಳಿಜಾರಾಗಿಟ್ಟೆ. ತೂತಿನ ಒಳಬದಿಯ ತುಟಿಯ ಆಕಾರವನ್ನು ಮಾತ್ರ ಹೇಳಲಾರೆ. ಅದಕ್ಕೆ ಮೂರು ಅಚ್ಚುಗಳನ್ನು ಒಡೆದಿದ್ದೇನೆ.

ಆದರೂ ಮೊದಲ ಮಳೆಗಾಲದಲ್ಲಿ ಲಿಫ್ಟಿನ ತಳದ ಗುಂಡಿಯಲ್ಲಿ ಮೊಣಕಾಲುದ್ದ ನೀರು ನಿಂತಿತು. ಜಾಲಿ ತಡೆದುಕೊಂಡಿತ್ತು, ಆದರೆ ಮೆಟ್ಟಿಲಿನ ಲ್ಯಾಂಡಿಂಗುಗಳ ಇಳಿಜಾರು ಒಳಮುಖವಾಗಿತ್ತು; ಮೇಸ್ತ್ರಿಯನ್ನು ಬಯ್ದೆ, ಆದರೆ ನಕ್ಷೆಯಲ್ಲಿ ಇಳಿಜಾರಿನ ದಿಕ್ಕಿಗೆ ಬಾಣದ ಗುರುತು ಹಾಕದವನು ನಾನೇ. ಎಲ್ಲ ಮಹಡಿಗಳ ನೆಲ ಕೆತ್ತಿಸಿ, ಲಿಫ್ಟಿನ ಹೊಸ್ತಿಲು ಮುಕ್ಕಾಲು ಇಂಚು ಎತ್ತರಿಸಿ, ಮುಂದೆ ಜಾಲರಿಯ ಕಿರುಚರಂಡಿ ಮಾಡಿಸಿದ್ದಕ್ಕೆ ಎರಡೂವರೆ ಲಕ್ಷ ತಗಲಿತು.

ತಾರಸಿ ಸುಮಾರು 400 ಚದರ ಮೀಟರ್. ಲೆಕ್ಕಕ್ಕೆ ವರ್ಷಕ್ಕೆ 14 ಲಕ್ಷ ಲೀಟರ್ ನೀರು. ಅದನ್ನು ಸೋಸಿ ಹಳೆಯ ಬಾವಿಗೆ ಇಳಿಸಿದ್ದು ನನ್ನ ಇನ್ನೊಂದು ಪ್ರಯೋಗ. ಮೊದಲ ಬೇಸಗೆಯಲ್ಲಿ ಟ್ಯಾಂಕರ್ ತರಿಸಲೇಬೇಕಾಯಿತು, ಎರಡನೆಯದರಲ್ಲಿ ಏಪ್ರಿಲ್ ಕೊನೆಯವರೆಗೂ ನೀರಿತ್ತು.

ಕೆಲಸ ಮುಗಿಯುವ ಮುಂಚೆಯೇ 17 ಮನೆಗಳು ಮಾರಿಹೋದವು. ರಾತ್ರಿ ಮೆಟ್ಟಿಲಿನ ದೀಪಗಳು ಜಾಲಿಯಿಂದ ಕಾಣುವುದರಿಂದ, ಆಟೋದವರು ಈಗ ಗುರುತು ಹೇಳುವುದೂ ಆ ಮೂಲೆಯನ್ನೇ. ಮಾಷ್ಟ್ರು ತಮ್ಮ ಪಾಲಿನ ನಾಲ್ಕರಲ್ಲಿ ಮೆಟ್ಟಿಲಿಗೆ ತಾಗಿದ ಮನೆಯನ್ನೇ ಇಟ್ಟುಕೊಂಡರು, ಕಳೆದ ಆಟಿಯಲ್ಲಿ ನಾನು ಹೋದಾಗ ಕಿಟಕಿ ತೆರೆದಿಟ್ಟೇ ಕುಳಿತಿದ್ದರು.